ದೇವಿ ಹಾಕಿಸಿದ ಕಾಲದಿಂದ ಕೊರೊನಾ ಲಸಿಕೆಯವರೆಗೆ

ಸಂಘದ 25 ವರ್ಷಗಳ ಹಾಲಿನ ಲೆಕ್ಕವನ್ನು ಬರೆಯುವವರು ಬೇರೆ ಇದ್ದಾರೆ. ನಾವು ಲಸಿಕೆಯ ಇತಿಹಾಸವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ. ಕೊರೊನಾ ಕಾಲದಲ್ಲಿ ಲಸಿಕೆಗೆ ಹಿಂದೆಮುಂದೆ ನೋಡಿದವರನ್ನು ದಡ್ಡರು ಅಂದುಬಿಡೋದು ಸುಲಭ. ಆದರೆ ಆ ಅಳುಕಿಗೆ ಇನ್ನೂರು ವರ್ಷದ ಹಳೇ ಬೇರಿದೆ.

ಹಿಂದೆ ಸಿಡುಬಿಗೆ 'ಅಮ್ಮ' ಎನ್ನುತ್ತಿದ್ದರು. ಅದರ ಲಸಿಕೆಗೂ 'ದೇವಿ ಹಾಕೋದು' ಅಂತಲೇ ಹೆಸರು. ಇಂಗ್ಲೆಂಡಿನ ಜೆನ್ನರ್ ಎಂಬ ವೈದ್ಯರು 1796ರಲ್ಲಿ ಪ್ರಯೋಗಿಸಿದ ಈ ಲಸಿಕೆ ಹತ್ತೇ ವರ್ಷದಲ್ಲಿ ಮೈಸೂರು ಸಂಸ್ಥಾನಕ್ಕೂ ಬಂತು. ಆಗ ಒಬ್ಬರ ತೋಳಿನ ಗುಳ್ಳೆಯ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕುತ್ತಿದ್ದರು. ಯಾರ ಮೈಯದೋ, ಯಾವ ಜಾತಿಯದೋ ಎಂಬ ಸಂಕೋಚ. ಅಮ್ಮ ಮುನಿಯುತ್ತಾಳೆಂಬ ಭಯ. 1806ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರೇ ಹಾಕಿಸಿಕೊಂಡರು. ಅದನ್ನು ಕಂಡು ಜನರೂ ಮುಂದೆ ಬಂದರೆಂದು ದಾಖಲೆಯಿದೆ. ನಮ್ಮ ದೇಶದಲ್ಲಿ ಸಿಡುಬು ಕೊನೆಯಾದದ್ದು 1975ರಲ್ಲಿ.

1898ರಲ್ಲಿ ಸಂಸ್ಥಾನಕ್ಕೆ ಪ್ಲೇಗ್ ಬಂತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಹಾಫ್‌ಕಿನ್ ಎಂಬ ವಿಜ್ಞಾನಿ 1897ರಲ್ಲೇ ಮುಂಬೈಯಲ್ಲಿ ಲಸಿಕೆ ತಯಾರಿಸಿದ್ದರು. ಆದರೆ 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಕೆಟ್ಟಿದ್ದ ಒಂದು ಬಾಟಲಿಯಿಂದ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಅನುಮಾನ ಸುಮ್ಮನೆ ಹುಟ್ಟಲ್ಲ.

ಕೊರೊನಾ ಲಸಿಕೆ 2021ರ ಜನವರಿ 16ರಂದು ಶುರುವಾಯಿತು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ನಮ್ಮ ಹಳ್ಳಿಗಳಲ್ಲೂ ಅದೇ ಅಳುಕು. 'ಇಷ್ಟು ಬೇಗ ಹೆಂಗೆ ತಯಾರಾಯ್ತು?' 'ಜ್ವರ ಬಂದ್ರೆ ಎರಡು ದಿನದ ಕೂಲಿ ಯಾರು ಕೊಡ್ತಾರೆ?' ಮಕ್ಕಳಾಗಲ್ಲ ಎಂಬ ಸುಳ್ಳು ಮೊಬೈಲಿನಲ್ಲಿ ಹರಡಿತು. ಏಪ್ರಿಲ್-ಮೇ ತಿಂಗಳಲ್ಲಿ ಎರಡನೇ ಅಲೆ ಎದ್ದಾಗ ಬೇಕು ಅಂದವರಿಗೂ ಲಸಿಕೆ ಸಾಕಷ್ಟು ಸಿಗಲಿಲ್ಲ. ತಡ ಮಾಡಿದ್ದಕ್ಕೆ ಕೆಲವು ಮನೆಗಳು ದೊಡ್ಡ ಬೆಲೆ ತೆತ್ತವು.

ಕೊಟ್ಟಿಗೆಯಲ್ಲೂ ಇದೇ ಕಥೆ. ಹಾಲು ಕಮ್ಮಿಯಾಗುತ್ತೆ ಅಂತ ಕಾಲುಬಾಯಿ ಜ್ವರದ ಲಸಿಕೆ ತಪ್ಪಿಸುವವರುಂಟು. ಕಮ್ಮಿಯಾಗೋದು ಕೆಲವೇ ದಿನ. 2013ರಲ್ಲಿ ಆ ರೋಗದಿಂದ ರಾಜ್ಯದಲ್ಲಿ ಸಾವಿರಾರು ರಾಸುಗಳು ಸತ್ತವು.

ಮುಂದೆ ಯಾವ ರೋಗ ಬಂದರೂ ಸಂಘ ಮಾಡಬೇಕಾದ್ದು ಇಷ್ಟೆ: ಹೆದರುವವರನ್ನು ಗದರಿಸಬಾರದು. ಜ್ವರ ಬರಬಹುದು, ಮೈಕೈ ನೋಯಬಹುದು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಕೂಲಿಯವರಿಗೆ ಎರಡು ದಿನ ಆಸರೆಯಾಗಬೇಕು. ನಿರ್ದೇಶಕರು ಮೊದಲು ತೋಳು ಕೊಡಬೇಕು. ರಾಣಿಯವರು ತೋರಿಸಿದ್ದೂ ಇದೇ ದಾರಿ.