ಪೂರ್ವಾಧ್ಯಯನಗಳ ಸಮೀಕ್ಷೆ: ಮಂಗನ ಕಾಯಿಲೆಯ ಉದಾಹರಣೆಯೊಂದಿಗೆ

ಸಂಶೋಧನೆಗೆ ಹೊರಟವರು ತಮ್ಮ ವಿಷಯದ ಬಗ್ಗೆ ಈಗಾಗಲೇ ಏನೇನು ಪ್ರಕಟವಾಗಿದೆ ಎಂದು ಕ್ರಮವಾಗಿ ಹುಡುಕಿ, ಓದಿ, ತೂಗಿ ನೋಡುವ ಕೆಲಸವೇ ಪೂರ್ವಾಧ್ಯಯನಗಳ ಸಮೀಕ್ಷೆ. ವಿಶ್ವವಿದ್ಯಾಲಯಗಳಲ್ಲಿ ಎಲ್ಲರ ಬಾಯಲ್ಲೂ ಇರುವುದು ‘ಲಿಟರೇಚರ್ ರಿವ್ಯೂ’ ಎಂಬ ಹೆಸರು. ಪಿಎಚ್.ಡಿ. ಪ್ರಬಂಧದಲ್ಲಿ ಸಾಮಾನ್ಯವಾಗಿ ಅದು ಎರಡನೇ ಅಧ್ಯಾಯ. ಎಷ್ಟೋ ಮಂದಿ ಅದನ್ನು ಎಲ್ಲ ಮುಗಿದ ಮೇಲೆ, ಪುಟ ತುಂಬಿಸಲೆಂದು ಬರೆಯುತ್ತಾರೆ. ಕೆಲಸದ ಕ್ರಮದಲ್ಲಿ ಮಾತ್ರ ಅದು ಮೊದಲು ಬರಬೇಕು. ಏನನ್ನು ಕೇಳಬೇಕು, ಏನನ್ನು ಮತ್ತೆ ಕೇಳಬೇಕಾಗಿಲ್ಲ ಎಂಬುದು ತೀರ್ಮಾನವಾಗುವುದೇ ಅಲ್ಲಿ.

ಮಲೆನಾಡಿನ ಮಂಗನ ಕಾಯಿಲೆಯನ್ನು ಉದಾಹರಣೆಯಾಗಿ ಹಿಡಿದರೆ ಈ ಕೆಲಸದ ಬಹುತೇಕ ತೊಡಕುಗಳು ಒಂದೇ ಕಡೆ ಕಾಣಸಿಗುತ್ತವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಹಾಸಿಗೆ ಹಿಡಿದರು. ಮಂಗಗಳೂ ಸಾಯುತ್ತಿದ್ದುದರಿಂದ ಹಳದಿ ಜ್ವರ ಭಾರತಕ್ಕೆ ಬಂದುಬಿಟ್ಟಿತೇ ಎಂಬ ಆತಂಕ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಸಿಕ್ಕಿದ್ದು ಉಣ್ಣೆಗಳಿಂದ ಹರಡುವ ಹೊಸದೊಂದು ವೈರಸ್. ಅಂದಿನಿಂದ ಇದರ ಬಗ್ಗೆ ಆರು ದಶಕಕ್ಕೂ ಮೀರಿದ ಬರವಣಿಗೆ ಬೆಳೆದಿದೆ. ಅದನ್ನು ಓದದೆ ಹಳ್ಳಿಗೆ ಹೋದ ಸಂಶೋಧಕರು, ಉತ್ತರ ಗೊತ್ತಿರುವ ಪ್ರಶ್ನೆಗಾಗಿ ಅದೇ ಜನರ ರಕ್ತವನ್ನು ಮತ್ತೊಮ್ಮೆ ತೆಗೆಯುತ್ತಾರೆ. ಕೂಲಿ ಬಿಟ್ಟು ಕೂತು ನಮ್ಮ ಪ್ರಶ್ನೆಗಳಿಗೆ ಉತ್ತರಿಸುವವರಿಗೆ ಹಾಗೆ ಮಾಡುವುದು ಅನ್ಯಾಯ.

ಪ್ರಶ್ನೆ ಕಿರಿದಾಗಬೇಕು

‘ಮಂಗನ ಕಾಯಿಲೆ’ ಎಂಬುದು ವಿಷಯವಾಯಿತು, ಪ್ರಶ್ನೆಯಾಗಲಿಲ್ಲ. ಅಷ್ಟನ್ನೇ ಹಿಡಿದು ಹುಡುಕಿದರೆ ವೈರಸ್‌ನ ಅಣುರಚನೆಯಿಂದ ಹಿಡಿದು ಉಣ್ಣೆಗಳ ವರ್ಗೀಕರಣದವರೆಗೆ ಎಲ್ಲವೂ ಬಂದು ರಾಶಿ ಬೀಳುತ್ತದೆ. ‘ಕಾಡಂಚಿನಲ್ಲಿ ದನ ಮೇಯಿಸುವ ಕುಟುಂಬಗಳಿಗೆ ಸೋಂಕಿನ ಅಪಾಯ ಹೆಚ್ಚೇ?’ ಎಂದು ಕೇಳಿದಾಗ ಯಾವುದನ್ನು ಓದಬೇಕು, ಯಾವುದನ್ನು ಪಕ್ಕಕ್ಕಿಡಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಯಾರು, ಎಲ್ಲಿ, ಯಾವ ಕಾಲ, ಯಾವ ಪರಿಣಾಮ ಎಂಬ ನಾಲ್ಕನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಂಡೇ ಹುಡುಕಲು ಕೂರಬೇಕು. ಓದುತ್ತ ಹೋದಂತೆ ಆ ವಾಕ್ಯ ಬದಲಾಗುತ್ತದೆ. ಅದು ಬದಲಾಗಲಿ.

ಹುಡುಕುವ ಪದಗಳು

ಹುಡುಕಾಟ ಸೋಲುವುದು ಹೆಚ್ಚಾಗಿ ಪದಗಳ ಹಂತದಲ್ಲೇ. ಈ ಕಾಯಿಲೆ ವೈದ್ಯಕೀಯ ಬರಹಗಳಲ್ಲಿ ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್’, ಆರೋಗ್ಯ ಇಲಾಖೆಯ ಕಾಗದಗಳಲ್ಲಿ ‘ಕೆಎಫ್‌ಡಿ’, ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಮಂಕಿ ಫೀವರ್’. ಮೊದಮೊದಲ ಲೇಖನಗಳಲ್ಲಿ ಇದನ್ನು ರಷ್ಯಾದ ಮಿದುಳು ಜ್ವರದ ವೈರಸ್‌ ಗುಂಪಿನ ಹೆಸರಿನಲ್ಲೂ ಚರ್ಚಿಸಲಾಗಿದೆ. ರೋಗ ಹರಡುವ ಮುಖ್ಯ ಉಣ್ಣೆಗೆ ‘ಹೀಮಾಫೈಸಾಲಿಸ್ ಸ್ಪಿನಿಗೆರಾ’ ಎಂಬ ಶಾಸ್ತ್ರೀಯ ಹೆಸರಿದೆ. ಅದನ್ನು ಸೇರಿಸದಿದ್ದರೆ ಕೀಟಶಾಸ್ತ್ರಜ್ಞರು ಬರೆದ ಎಷ್ಟೋ ಲೇಖನಗಳು ಕೈತಪ್ಪುತ್ತವೆ.

ಊರುಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. 1973ಕ್ಕೆ ಹಿಂದಿನ ಲೇಖನಗಳಲ್ಲಿ ಕರ್ನಾಟಕವಿಲ್ಲ, ಮೈಸೂರು ರಾಜ್ಯವಿದೆ. 2014ರವರೆಗೆ ಇಂಗ್ಲಿಷಿನಲ್ಲಿ ‘ಶಿಮೊಗ’ ಎಂದೇ ಅಧಿಕೃತ ರೂಪವಿತ್ತು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೆ ಮೊದಲಿನ ಪ್ರಕರಣಗಳು ದಕ್ಷಿಣ ಕನ್ನಡದ ಲೆಕ್ಕದಲ್ಲಿವೆ. ಸಂಸ್ಥೆಗಳ ಹೆಸರೂ ಬದಲಾಗುತ್ತದೆ: ಪುಣೆಯ ವೈರಸ್ ಸಂಶೋಧನಾ ಕೇಂದ್ರ ರಾಷ್ಟ್ರೀಯ ವೈರಾಣು ಸಂಸ್ಥೆಯಾದದ್ದು 1978ರಲ್ಲಿ.

ಒಂದೇ ಅರ್ಥದ ಪದಗಳನ್ನು ‘ಆರ್’ ಎಂಬ ಕೊಂಡಿಯಿಂದ ಜೋಡಿಸಿದರೆ ಯಾವುದಾದರೂ ಒಂದಿರುವ ಲೇಖನಗಳೆಲ್ಲ ಬರುತ್ತವೆ. ಬೇರೆ ಬೇರೆ ಅಂಶಗಳನ್ನು ‘ಆ್ಯಂಡ್’ ಎಂದು ಜೋಡಿಸಿದರೆ ಎಲ್ಲವೂ ಇರುವವು ಮಾತ್ರ. ಇವೆರಡರ ಹದ ತಿಳಿದವರಿಗೆ ಅರ್ಧ ಕೆಲಸ ಮುಗಿದಂತೆ.

ಎಲ್ಲಿ ಹುಡುಕಬೇಕು

ಗೂಗಲ್ ಸ್ಕಾಲರ್‌ನಿಂದ ಆರಂಭಿಸುವುದರಲ್ಲಿ ತಪ್ಪಿಲ್ಲ, ಅಲ್ಲಿಗೇ ನಿಲ್ಲಿಸಬಾರದು. ವೈದ್ಯಕೀಯ ವಿಷಯಗಳಿಗೆ ಪಬ್‌ಮೆಡ್ ಉಚಿತ. ಅಲ್ಲಿ ಪ್ರತಿ ವಿಷಯಕ್ಕೂ ‘ಮೆಶ್’ ಎಂಬ ನಿಗದಿತ ಶೀರ್ಷಿಕೆಗಳಿದ್ದು, ಈ ಕಾಯಿಲೆಗೂ ಒಂದಿದೆ. ಲೇಖಕರು ಯಾವ ಪದ ಬಳಸಿದ್ದರೂ ಆ ಶೀರ್ಷಿಕೆಯಡಿ ಲೇಖನ ಸಿಗುವ ಸಾಧ್ಯತೆ ಹೆಚ್ಚು. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್‌ಗೆ ಸಂಸ್ಥೆಯ ಚಂದಾ ಬೇಕು. 2025ರ ಜನವರಿಯಿಂದ ಜಾರಿಗೆ ಬಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಡಿ ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳವರಿಗೆ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ತೆರೆದಿವೆ. ದುಡ್ಡು ಕೊಟ್ಟು ಲೇಖನ ಇಳಿಸಿಕೊಳ್ಳುವ ಮುನ್ನ ಗ್ರಂಥಪಾಲಕರನ್ನು ಒಮ್ಮೆ ಕೇಳಿ.

ಪಬ್‌ಮೆಡ್‌ನಲ್ಲೂ ಒಂದು ತೂತಿದೆ. 1975ಕ್ಕಿಂತ ಹಳೆಯ ಬಹುತೇಕ ಲೇಖನಗಳಿಗೆ ಅಲ್ಲಿ ಸಾರಾಂಶ ಇರುವುದಿಲ್ಲ, ಶೀರ್ಷಿಕೆಯಷ್ಟೇ ಇರುತ್ತದೆ. ದನ ಮೇಯಿಸುವುದಕ್ಕೂ ಉಣ್ಣೆಗಳ ಹೆಚ್ಚಳಕ್ಕೂ ಇರುವ ನಂಟನ್ನು ವಿವರಿಸಿದ ಹೋರ್ಹೆ ಬೊಶೆಲ್ ಅವರ ಲೇಖನ 1969ರದು. ಕಾಡು ಕಡಿದು ತೋಟ, ಗದ್ದೆ, ಗೋಮಾಳಗಳಾದ ಅಂಚಿನಲ್ಲಿ ಮೇಯುವ ದನಗಳ ರಕ್ತ ಹೀರಿ ಬೆಳೆದ ಉಣ್ಣೆಗಳು ಹೇಗೆ ಹೆಚ್ಚುತ್ತವೆ ಎಂಬ ಈ ವಾದವೇ ನಮ್ಮ ಪ್ರಶ್ನೆಯ ಬೇರು. ಆದರೆ ಅದರ ಶೀರ್ಷಿಕೆಯಲ್ಲಿ ದನದ ಮಾತೇ ಇಲ್ಲ. ಶೀರ್ಷಿಕೆ–ಸಾರಾಂಶಗಳಲ್ಲಿ ‘ಕ್ಯಾಟಲ್’ ಎಂದಷ್ಟೇ ಹುಡುಕಿದವರಿಗೆ ಅತಿ ಮುಖ್ಯವಾದ ಬರಹವೇ ಸಿಗದೆ ಹೋಗುತ್ತದೆ. ಹಳೆಯ ದಶಕಗಳಿಗೆ ಪದಗಳನ್ನು ಸಡಿಲಿಸಿ, ರೋಗದ ಹೆಸರೊಂದನ್ನೇ ಕೊಟ್ಟು ಹುಡುಕಿ, ಪಟ್ಟಿಯನ್ನು ಕಣ್ಣಾರೆ ನೋಡುವುದೇ ದಾರಿ. ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ನಂಥ ಪತ್ರಿಕೆಗಳ ಹಳೆಯ ಸಂಪುಟಗಳಿಗೆ ಗ್ರಂಥಾಲಯದ ಕಪಾಟಿನ ತನಕ ಹೋಗಬೇಕಾಗಿ ಬರಬಹುದು.

ಪಿಎಚ್.ಡಿ. ಪ್ರಬಂಧಗಳಿಗೆ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಇದೆ. ಕನ್ನಡ ಪ್ರಬಂಧಗಳ ಶೀರ್ಷಿಕೆ ಕೆಲವೊಮ್ಮೆ ಇಂಗ್ಲಿಷ್ ಅಕ್ಷರಗಳಲ್ಲಿ ದಾಖಲಾಗಿರುವುದರಿಂದ ಎರಡೂ ಲಿಪಿಗಳಲ್ಲಿ ಹುಡುಕುವುದು ಒಳ್ಳೆಯದು. ಇಲಾಖೆಯ ವಾರ್ಷಿಕ ವರದಿ, ಜಿಲ್ಲಾ ಗೆಜೆಟಿಯರ್, ವಿಧಾನಮಂಡಲದ ಪ್ರಶ್ನೋತ್ತರ, ಕನ್ನಡ ದಿನಪತ್ರಿಕೆಗಳ ಸ್ಥಳೀಯ ಪುಟಗಳು ಯಾವ ಸೂಚಿಗೂ ಸೇರಿರುವುದಿಲ್ಲ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಸುತ್ತಮುತ್ತ ಕಾಯಿಲೆ ಉಲ್ಬಣಿಸಿದಾಗ ಜನ ಏನು ಹೇಳುತ್ತಿದ್ದರು ಎಂದು ತಿಳಿಯಲು ವೈದ್ಯಕೀಯ ಪತ್ರಿಕೆ ಸಾಲದು. ಇಂಥ ಮೂಲಗಳನ್ನು ಕೀಳೆಂದು ಬಿಡುವುದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬೇರೂರಿದ ದುರಭ್ಯಾಸ.

ಉಲ್ಲೇಖಗಳ ಜಾಡು

ಒಂದು ಒಳ್ಳೆಯ ಲೇಖನ ಸಿಕ್ಕರೆ ಅದರ ಕೊನೆಯ ಪಟ್ಟಿ ಹಿಡಿದು ಹಿಂದಕ್ಕೆ ಹೋಗಬಹುದು. ಆ ಲೇಖನವನ್ನು ಮುಂದೆ ಯಾರು ಉಲ್ಲೇಖಿಸಿದರು ಎಂದು ನೋಡುತ್ತ ಈಚೆಗೂ ಬರಬಹುದು. ಈ ಎರಡನೆಯದನ್ನು ಸಾಧ್ಯವಾಗಿಸಿದ್ದು ಯೂಜಿನ್ ಗಾರ್‌ಫೀಲ್ಡ್ 1964ರಲ್ಲಿ ತಂದ ಸೈನ್ಸ್ ಸೈಟೇಷನ್ ಇಂಡೆಕ್ಸ್. ಇಂದು ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಕೆಳಗಿನ ‘ಸೈಟೆಡ್ ಬೈ’ ಒತ್ತಿದರೆ ಸಾಕು.

ಜಾಡು ಹಿಡಿದು ಹೋಗುವುದರ ನಿಜವಾದ ಲಾಭ ಅಂಕಿಗಳ ಮೂಲ ಸಿಗುವುದು. ಮಂಗನ ಕಾಯಿಲೆಯಿಂದ ಸಾಯುವವರ ಪ್ರಮಾಣ ಕೆಲವು ಲೇಖನಗಳಲ್ಲಿ ಶೇ 3–5, ಬೇರೆ ಕೆಲವುಗಳಲ್ಲಿ ಶೇ 2–10. ವರ್ಷಕ್ಕೆ 400ರಿಂದ 500 ಪ್ರಕರಣ ಎಂಬ ಮಾತು ಲೇಖನದಿಂದ ಲೇಖನಕ್ಕೆ ನಕಲಾಗುತ್ತ ಬಂದಿದೆ. ಒಂದೊಂದು ವರ್ಷಕ್ಕೂ ಏರಿಳಿತ ದೊಡ್ಡದಾಗಿರುವ ಕಾಯಿಲೆಗೆ ಅಂಥ ಸರಾಸರಿ ಯಾವ ಕಾಲದ್ದು, ಯಾರು ಎಣಿಸಿದ್ದು, ಪ್ರಯೋಗಾಲಯದಲ್ಲಿ ಖಚಿತವಾದವು ಮಾತ್ರವೇ ಎಂದು ಕೇಳಲೇಬೇಕು. ಕಣ್ಣಾರೆ ಓದದ ಮೂಲವನ್ನು ಓದಿದಂತೆ ಉಲ್ಲೇಖಿಸುವುದು ಸಂಶೋಧನೆಯಲ್ಲಿ ಸುಳ್ಳು ಹೇಳಿದ ಹಾಗೆಯೇ.

ತೂಗಿ ಓದುವುದು

ಸಿಕ್ಕ ಲೇಖನಗಳೆಲ್ಲ ಸಮವಲ್ಲ. ಮಲೆನಾಡಿನಲ್ಲಿ ವರ್ಷಗಟ್ಟಲೆ ಹಾಕಿ ಈಗ ನಿಲ್ಲಿಸಿರುವ ಲಸಿಕೆಯ ಬಗ್ಗೆ 1994ರಲ್ಲಿ ಪ್ರಕಟವಾದ ಅಧ್ಯಯನ, ಎರಡು ಡೋಸ್‌ಗಳಿಂದ ಸುಮಾರು ಶೇ 93ರಷ್ಟು ರಕ್ಷಣೆ ಎಂದಿತು. 2005–10ರ ಮಾಹಿತಿ ಹಿಡಿದು 2013ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಎರಡು ಡೋಸ್‌ಗೆ ಸುಮಾರು ಶೇ 62, ಬೂಸ್ಟರ್ ಸೇರಿದರೆ ಸುಮಾರು ಶೇ 83. ಎರಡನ್ನೂ ಒಂದರ ಕೆಳಗೊಂದು ಬರೆದು ಮುಂದೆ ಹೋದರೆ ಸಮೀಕ್ಷೆಯಾಗುವುದಿಲ್ಲ. ಲಸಿಕೆ ಪಡೆಯದವರೆಂದು ಯಾರನ್ನು ಎಣಿಸಿದರು? ಹಳ್ಳಿಗಳನ್ನು ಆರಿಸಿದ್ದು ಹೇಗೆ? ಲಸಿಕೆ ಪಡೆದವರು, ಪಡೆಯದವರು ಕಾಡಿಗೆ ಹೋಗುವುದರಲ್ಲಿ ಒಂದೇ ತೆರನೇ? ಈ ಪ್ರಶ್ನೆಗಳಿಗೆ ಉತ್ತರ ಸಾರಾಂಶದಲ್ಲಿ ಇರುವುದಿಲ್ಲ. ವಿಧಾನದ ಭಾಗವನ್ನು ಪೆನ್ಸಿಲ್ ಹಿಡಿದು ಓದಬೇಕು.

ಒಂದು ವರದಿಗೆ ಆಮೇಲೆ ಬಂದ ಆಕ್ಷೇಪಗಳನ್ನೂ ಓದಬೇಕು. ಚೀನಾದ ಯುನಾನ್‌ನಲ್ಲಿ 1989ರಲ್ಲಿ ಜ್ವರಪೀಡಿತರೊಬ್ಬರಿಂದ ಸಿಕ್ಕ ವೈರಸ್ ಮಂಗನ ಕಾಯಿಲೆಯದೇ ಎಂದು 2009ರಲ್ಲಿ ವರದಿಯಾಯಿತು. ಅದರ ವಂಶವಾಹಿ ಸರಣಿ 1957ರ ಮೂಲ ಮಾದರಿಯನ್ನೇ ಬಹುತೇಕ ಹೋಲುತ್ತಿತ್ತು. ಅಷ್ಟು ವರ್ಷ, ಅಷ್ಟು ದೂರ ದಾಟಿಯೂ ಬದಲಾಗದ್ದು ಹೇಗೆ, ಪ್ರಯೋಗಾಲಯದಲ್ಲಿ ಬೆರೆತಿರಬಹುದೇ ಎಂಬ ಅನುಮಾನವನ್ನು ಬೇರೆ ವಿಜ್ಞಾನಿಗಳು ಎತ್ತಿದರು. ಮೊದಲ ವರದಿಯನ್ನಷ್ಟೇ ಓದಿದವರು ‘ಚೀನಾದಲ್ಲೂ ಈ ಕಾಯಿಲೆಯಿದೆ’ ಎಂದು ನಿಸ್ಸಂಶಯವಾಗಿ ಬರೆದುಬಿಡುತ್ತಾರೆ.

ಬರೆಯುವಾಗ

‘ಇಂಥವರು ಹೀಗೆಂದರು, ಅಂಥವರು ಹಾಗೆಂದರು’ ಎಂದು ಲೇಖಕರನ್ನು ಸಾಲಾಗಿ ನಿಲ್ಲಿಸುವ ಬರವಣಿಗೆ ಓದುಗರಿಗೆ ಏನನ್ನೂ ಕೊಡುವುದಿಲ್ಲ. ಓದುವಾಗಲೇ ಒಂದು ಕೋಷ್ಟಕ ಮಾಡಿಕೊಂಡು ಪ್ರತಿ ಅಧ್ಯಯನದ ಜಾಗ, ಕಾಲ, ಜನಸಂಖ್ಯೆ, ವಿಧಾನ, ಫಲಿತಾಂಶ, ಮಿತಿಗಳನ್ನು ತುಂಬುತ್ತ ಹೋದರೆ ಎಲ್ಲಿ ಒಮ್ಮತವಿದೆ, ಎಲ್ಲಿ ಜಗಳವಿದೆ, ಎಲ್ಲಿ ಅಂಕಣ ಖಾಲಿಯಿದೆ ಎಂಬುದು ಕಾಣುತ್ತದೆ. ಅಧ್ಯಾಯದ ಉಪಶೀರ್ಷಿಕೆಗಳು ಹುಟ್ಟಬೇಕಾದ್ದು ಆ ಅಂಕಣಗಳಿಂದ. ಖಾಲಿ ಜಾಗವನ್ನೂ ಪರೀಕ್ಷಿಸಬೇಕು: ಯಾರೂ ಮಾಡಿಲ್ಲ ಎನ್ನುವುದೊಂದೇ ಮಾಡಲು ಕಾರಣವಾಗದು, ಮಾಡಿದರೆ ಯಾರಿಗೆ ಏನು ತಿಳಿಯುತ್ತದೆ ಎಂದು ಹೇಳಲು ಬರಬೇಕು.

ಹುಡುಕಾಟದ ದಾಖಲೆ

ಯಾವ ತಾರೀಖು, ಯಾವ ತಾಣ, ಯಾವ ಪದಗಳು, ಎಷ್ಟು ಸಿಕ್ಕವು, ಎಷ್ಟನ್ನು ಏಕೆ ಬಿಟ್ಟೆವು ಎಂದು ಮೊದಲ ದಿನದಿಂದ ಬರೆದಿಡಬೇಕು. ವ್ಯವಸ್ಥಿತ ಸಮೀಕ್ಷೆಗಳಿಗೆ 2009ರಲ್ಲಿ ರೂಪಿಸಿ 2020ರಲ್ಲಿ ಪರಿಷ್ಕರಿಸಿದ ‘ಪ್ರಿಸ್ಮಾ’ ಮಾರ್ಗಸೂಚಿಯ 27 ಅಂಶಗಳಲ್ಲಿ ಇದೂ ಸೇರಿದೆ. ಉಲ್ಲೇಖಗಳನ್ನು ಕೂಡಿಡಲು ಜೊಟೆರೊ ತಂತ್ರಾಂಶ ಉಚಿತ. ಚಾಟ್‌ಬಾಟ್‌ಗಳು ಕೊಡುವ ಉಲ್ಲೇಖಗಳಲ್ಲಿ ಅಸ್ತಿತ್ವದಲ್ಲೇ ಇಲ್ಲದ ಲೇಖನಗಳಿರುತ್ತವೆ, ಆದ್ದರಿಂದ ಒಂದೊಂದನ್ನೂ ತೆರೆದು ನೋಡದೆ ಸೇರಿಸಬಾರದು. ಸೇರಿಸಿದ ಲೇಖನವನ್ನು ಆಮೇಲೆ ಹಿಂತೆಗೆದುಕೊಳ್ಳಲಾಗಿದೆಯೇ ಎಂದೂ ಪರಿಶೀಲಿಸಬೇಕು.

ಪ್ರಬಂಧ ಸಲ್ಲಿಸುವ ಮುನ್ನ ಅದೇ ಪದಗಳಿಂದ ಇನ್ನೊಮ್ಮೆ ಹುಡುಕಬೇಕು. ಮಂಗನ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸಿಕೊಳ್ಳುವುದರಿಂದ, ಈ ವಿಷಯದವರು ಆ ಕೊನೆಯ ಸುತ್ತನ್ನು ಹಂಗಾಮು ಮುಗಿದ ಮೇಲೆ ಇಟ್ಟುಕೊಂಡು, ಇಲಾಖೆಯ ಆ ವರ್ಷದ ಅಂಕಿಅಂಶಗಳನ್ನೂ ಸೇರಿಸಿಕೊಳ್ಳಬಹುದು.