ಎನ್ಯೂರೆಸಿಸ್: ಡಾಕ್ಟರ ಚೀಟಿಯಲ್ಲಿರುವ ಈ ಪದದ ಅರ್ಥವೇನು?

ಮಗುವನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋದಾಗ ಚೀಟಿಯಲ್ಲಿ 'ನಾಕ್ಟರ್ನಲ್ ಎನ್ಯೂರೆಸಿಸ್' ಎಂದು ಬರೆದಿದ್ದರೆ ಗಾಬರಿಯಾಗುವುದು ಸಹಜ. ಕಿಡ್ನಿಗೇನೋ ಆಗಿದೆ ಎಂದು ಊರಿಗೆ ಫೋನ್ ಮಾಡುವವರೂ ಇದ್ದಾರೆ. ಆದರೆ ನಮ್ಮ ಮನೆಗಳಲ್ಲಿ 'ಹಾಸಿಗೆ ಒದ್ದೆ ಮಾಡೋದು', 'ನಿದ್ದೆಯಲ್ಲಿ ಉಚ್ಚೆ ಹೊಯ್ಯೋದು' ಅಂತ ಹೇಳ್ತೇವಲ್ಲ, ಅದಕ್ಕೇ ವೈದ್ಯರ ಹೆಸರು ಇದು.

ಪದದ ಅರ್ಥ

ಎನ್ಯೂರೆಸಿಸ್ ಗ್ರೀಕ್ ಮೂಲದ ಪದ. ಅರಿವಿಲ್ಲದೆ ಮೂತ್ರ ಹೋಗುವುದು ಎಂದರ್ಥ. ನಾಕ್ಟರ್ನಲ್ ಅಂದರೆ ರಾತ್ರಿಯದು. ಆಯುರ್ವೇದದಲ್ಲಿ ಇದನ್ನು 'ಶಯ್ಯಾಮೂತ್ರ' ಎನ್ನುತ್ತಾರೆ. ಇಲ್ಲಿನ ಅರಬಿ ವೈದ್ಯರ ಬಳಿ ಹೋದರೆ 'ತಬವ್ವುಲ್ ಲಾ ಇರಾದಿ' ಎಂಬ ಮಾತು ಕೇಳಬಹುದು; ಇಚ್ಛೆಯಿಲ್ಲದೆ ಮೂತ್ರ ಹೋಗುವುದು ಎಂದು ಅದರ ಅರ್ಥ. ವಿಮೆಯ ಕಾಗದದಲ್ಲಿ 'ಎನ್ 39.44' ಎಂಬ ಸಂಕೇತ ಇದ್ದರೆ ಅದೂ ಇದೇ.

ಐದು ವರ್ಷ ತುಂಬುವ ಮೊದಲು ಮಗು ಹಾಸಿಗೆ ಒದ್ದೆ ಮಾಡಿದರೆ ಈ ಹೆಸರು ಹಚ್ಚುವುದಿಲ್ಲ. ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಇದು ಇರುತ್ತದೆ. ದೊಡ್ಡವರಾದಂತೆ ಹೆಚ್ಚಿನವರಲ್ಲಿ ತಾನಾಗಿಯೇ ನಿಲ್ಲುತ್ತದೆ.

ಎರಡು ಬಗೆ

'ಪ್ರೈಮರಿ' ಎಂದರೆ ಹುಟ್ಟಿದಾಗಿನಿಂದ ಒಮ್ಮೆಯೂ ಸತತ ಆರು ತಿಂಗಳು ಹಾಸಿಗೆ ಒಣಗಿರಲಿಲ್ಲ ಎಂದರ್ಥ. 'ಸೆಕೆಂಡರಿ' ಎಂದರೆ ಆರು ತಿಂಗಳಾದರೂ ನಿಂತಿದ್ದು ಮತ್ತೆ ಶುರುವಾಗಿದೆ ಎಂದರ್ಥ. ಡಾಕ್ಟರಿಗೆ ಈ ವ್ಯತ್ಯಾಸ ಬಹಳ ಮುಖ್ಯ. ಊರು, ಅಜ್ಜಿಮನೆ, ಶಾಲೆ ಎಲ್ಲ ಬಿಟ್ಟು ಫ್ಯಾಮಿಲಿ ವೀಸಾದಲ್ಲಿ ಬಂದ ಮಗುವಿಗೆ ಹೊಸ ಜಾಗದ ಒತ್ತಡದಿಂದ ಮತ್ತೆ ಶುರುವಾಗಬಹುದು. ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆಯೂ ಕಾರಣವಾಗಿರಬಹುದು. ಹಾಗಾಗಿ 'ಊರಿನ ನೆನಪು, ಸರಿಹೋಗುತ್ತೆ' ಎಂದು ನಾವೇ ತೀರ್ಮಾನ ಮಾಡಬಾರದು.

ಬೈದರೆ ನಿಲ್ಲುವುದಿಲ್ಲ

ಮಗು ಸೋಮಾರಿತನದಿಂದಲೋ ಹಟದಿಂದಲೋ ಹೀಗೆ ಮಾಡುವುದಿಲ್ಲ. ರಾತ್ರಿ ಮೂತ್ರ ಹೆಚ್ಚು ತಯಾರಾಗುವುದು, ಮೂತ್ರಕೋಶದಲ್ಲಿ ಹಿಡಿದಿಡುವ ಶಕ್ತಿ ಕಡಿಮೆ ಇರುವುದು, ಮೂತ್ರಕೋಶ ತುಂಬಿದರೂ ಎಚ್ಚರವಾಗದಿರುವುದು ಮುಖ್ಯ ಕಾರಣಗಳು. ವಂಶದಲ್ಲೂ ಬರುತ್ತದೆ. ಚಿಕ್ಕವರಿದ್ದಾಗ ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ವಿಡಿಯೋ ಕಾಲ್‌ನಲ್ಲಿ 'ಇಷ್ಟು ದೊಡ್ಡವನಾದ್ರೂ ನಾಚಿಕೆ ಇಲ್ವಾ' ಎಂದು ಗದರಿಸುವ ಬದಲು 'ನಂಗೂ ಹಾಗೇ ಆಗ್ತಿತ್ತು ಮಗಾ, ಆಮೇಲೆ ಸರಿಹೋಯ್ತು' ಎಂದು ಹೇಳಿದರೆ ಮಗುವಿಗೆ ಎಷ್ಟೋ ಧೈರ್ಯ.

ಚಿಕಿತ್ಸೆ

ನೀರು ಪೂರ್ತಿ ಬಿಡಿಸಬೇಡಿ. ಇಲ್ಲಿನ ಸೆಕೆಗೆ ಅದು ಅಪಾಯ. ಹಗಲಲ್ಲಿ ಚೆನ್ನಾಗಿ ಕುಡಿಯಲಿ, ಸಂಜೆಯ ನಂತರ ಕಡಿಮೆಯಾಗಲಿ. ರಾತ್ರಿ ಚಹಾ, ಕೋಲಾ ಬೇಡ. ಮಲಗುವ ಮೊದಲು ಮೂತ್ರಕ್ಕೆ ಹೋಗಿ ಬರಲಿ. ಎಷ್ಟು ರಾತ್ರಿ ಒದ್ದೆಯಾಯಿತು ಎಂದು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟರೆ ಡಾಕ್ಟರಿಗೆ ಅನುಕೂಲ.

ಇದರಿಂದ ಆಗದಿದ್ದರೆ ಒದ್ದೆಯಾದ ಕೂಡಲೇ ಶಬ್ದ ಮಾಡುವ ಅಲಾರಂ ಕೊಡುತ್ತಾರೆ. ಎರಡು ಮೂರು ತಿಂಗಳು ತಾಳ್ಮೆಯಿಂದ ಬಳಸಬೇಕು. ಡೆಸ್ಮೊಪ್ರೆಸಿನ್ ಎಂಬ ಮಾತ್ರೆ ರಾತ್ರಿ ಮೂತ್ರ ತಯಾರಾಗುವುದನ್ನು ಕಡಿಮೆ ಮಾಡುತ್ತದೆ. ಈ ಮಾತ್ರೆ ತಿಂದ ರಾತ್ರಿ ಹೆಚ್ಚು ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಸ್ಮಾರ ಬರಬಹುದು. ಆದ್ದರಿಂದ ಊರಿಂದ ಬರುವವರ ಕೈಯಲ್ಲಿ ಮಾತ್ರೆ ತರಿಸಿ ನಾವೇ ಕೊಡುವುದು ಬೇಡ.

ದೊಡ್ಡವರಿಗೆ ಆದರೆ

ಲೇಬರ್ ಕ್ಯಾಂಪಿನಲ್ಲಿ ಒಂದೇ ರೂಮಿನಲ್ಲಿ ನಾಲ್ಕಾರು ಜನ ಮಲಗುವವರಿಗೆ ಇದು ಬಾಯಿಬಿಟ್ಟು ಹೇಳಲಾಗದ ಕಷ್ಟ. ಆದರೆ ದೊಡ್ಡವರಲ್ಲಿ ಹೊಸದಾಗಿ ಶುರುವಾದರೆ ಮುಚ್ಚಿಡಲೇಬಾರದು. ಸಕ್ಕರೆ ಕಾಯಿಲೆ, ಜೋರು ಗೊರಕೆಯೊಂದಿಗೆ ನಿದ್ದೆಯಲ್ಲಿ ಉಸಿರು ಕಟ್ಟುವುದು, ಪ್ರಾಸ್ಟೇಟ್ ತೊಂದರೆ, ನಿದ್ದೆ ಮಾತ್ರೆ ಅಥವಾ ಮದ್ಯ ಕಾರಣವಾಗಿರಬಹುದು. ಡಾಕ್ಟರ ಹತ್ತಿರ ನಾಚಿಕೆಯಾದರೆ ಒಂದು ಚೀಟಿಯಲ್ಲಿ 'ಎನ್ಯೂರೆಸಿಸ್' ಎಂದು ಬರೆದು ತೋರಿಸಿದರೂ ಸಾಕು. ಆದರೆ ರಾತ್ರಿ ಎಚ್ಚರವಾಗಿ ಪದೇ ಪದೇ ಎದ್ದು ಮೂತ್ರಕ್ಕೆ ಹೋಗುವುದು ಇದಲ್ಲ. ಅದಕ್ಕೆ 'ನಾಕ್ಟೂರಿಯಾ' ಎನ್ನುತ್ತಾರೆ.

ತಡಮಾಡಬೇಡಿ

ವಿಪರೀತ ಬಾಯಾರಿಕೆ ಮತ್ತು ತೂಕ ಇಳಿಯುವುದು, ಮೂತ್ರದಲ್ಲಿ ರಕ್ತ ಅಥವಾ ಉರಿ, ಜ್ವರ ಇದ್ದರೆ ಅದೇ ದಿನ ತೋರಿಸಿ. ಕಾಲಿನಲ್ಲಿ ಶಕ್ತಿ ಕುಂದುವುದು, ಮಲದ ಮೇಲೂ ಹಿಡಿತ ತಪ್ಪುವುದು ಕಂಡರೆ ನೇರ ಎಮರ್ಜೆನ್ಸಿಗೆ ಹೋಗಿ. ಉಳಿದಂತೆ ಇದು ಗುಣವಾಗುವ ತೊಂದರೆ. ಮಗುವಿಗೆ ಆದರೂ, ರೂಮ್‌ಮೇಟ್‌ಗೆ ಆದರೂ ನಗಬೇಡಿ, ಜೊತೆಗೆ ಕ್ಲಿನಿಕ್‌ಗೆ ಹೋಗಿ ಬನ್ನಿ.