ಹುಣ್ಣಿಮೆ ನೋಡಿ ಗಂಟು ಕಟ್ಟಿದವರು

ಸಂತೆಯ ದಿನ ಹುಡುಕುವುದು ಸುಲಭ. ಕಾರವಾರದಲ್ಲಿ ಪ್ರತಿ ರವಿವಾರ ಸಂತೆ. ವಾರ ಗೊತ್ತಿದ್ದರೆ ಸಾಕು. ಜಾತ್ರೆ ಹಾಗಲ್ಲ. ಅದು ತಿಥಿಗೆ ಕಟ್ಟುಬಿದ್ದದ್ದು. ಬಳೆ, ಬತ್ತಾಸು, ಆಟಿಕೆ ಮಾರುವವರು ಊರಿಂದೂರಿಗೆ ಹೊರಡುವ ಮೊದಲು ಪಂಚಾಂಗ ಕೇಳಬೇಕಿತ್ತು.

ಈ ಕರಾವಳಿಯ ದೊಡ್ಡ ಸಂಭ್ರಮಗಳಲ್ಲಿ ಮೂರು ಹುಣ್ಣಿಮೆಗೇ ಬರುತ್ತವೆ. ಪುಷ್ಯ ಹುಣ್ಣಿಮೆಗೆ ಕಾಳಿ ನದಿಯ ಅಳಿವೆಯಾಚೆಯ ಕೂರ್ಮಗಡ ನಡುಗಡ್ಡೆಯಲ್ಲಿ ನರಸಿಂಹ ದೇವರ ಜಾತ್ರೆ. ಮೀನುಗಾರರು ದೋಣಿಗಳನ್ನು ಸಿಂಗರಿಸಿ ಹೋಗುತ್ತಾರೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ. ವೈಶಾಖ ಹುಣ್ಣಿಮೆಗೆ ಅಂಕೋಲೆಯ ಶಾಂತಾದುರ್ಗೆಯ ಬಂಡಿಹಬ್ಬ. ದೀಪವಿಲ್ಲದ ಕಾಲದಲ್ಲಿ ರಾತ್ರಿ ನಡೆದು ಮನೆ ಸೇರುವವರಿಗೆ ಬೆಳದಿಂಗಳು ದೊಡ್ಡ ಆಸರೆಯೇ ಆಗಿದ್ದೀತು.

ಆದರೆ ತಿಥಿ ನಂಬಿದ ವ್ಯಾಪಾರದಲ್ಲಿ ಒಂದು ತೊಡಕಿದೆ. ಚಾಂದ್ರ ವರ್ಷಕ್ಕೆ ಸುಮಾರು 354 ದಿನ. ಹಾಗಾಗಿ ಹಬ್ಬ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ. ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಜಿಗಿಯುತ್ತದೆ. ವೈಶಾಖ ಹುಣ್ಣಿಮೆ 2023ರಲ್ಲಿ ಮೇ 5ಕ್ಕೆ ಬಂದಿತ್ತು. ಆ ವರ್ಷ ಅಧಿಕ ಶ್ರಾವಣ ಬಂದದ್ದರಿಂದ 2024ರಲ್ಲಿ ಅದು ಮೇ 23ಕ್ಕೆ ಹೋಯಿತು. ಕ್ಯಾಲೆಂಡರಿನ ತಾರೀಖನ್ನೇ ನೆನಪಿಟ್ಟುಕೊಂಡವನು ಹದಿನೆಂಟು ದಿನ ಮೊದಲೇ ಬಂದು ಖಾಲಿ ಬಯಲು ನೋಡಬೇಕಾದೀತು.

ಮಾವು ಮಾರುವವರಿಗೆ ಈ ಹದಿನೆಂಟು ದಿನ ಸಣ್ಣದಲ್ಲ. ಅಂಕೋಲೆಯ ಕರಿ ಈಶಾಡಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆ ಹಣ್ಣು ಮರದಲ್ಲಿರುವುದು ಮಳೆಗಾಲಕ್ಕೆ ಮುಂಚಿನ ಕೆಲವೇ ವಾರ. ಹಬ್ಬ ಬೇಗ ಬಂದರೆ ಹಣ್ಣು ಸಾಲದು, ತಡವಾದರೆ ಮಳೆಯ ಭಯ. ಹಣ್ಣು ಸೂರ್ಯನ ಲೆಕ್ಕದಲ್ಲಿ ಮಾಗುತ್ತದೆ, ಗಿರಾಕಿಗಳು ಚಂದ್ರನ ಲೆಕ್ಕದಲ್ಲಿ ಸೇರುತ್ತಾರೆ. ಎರಡನ್ನೂ ಹೊಂದಿಸಿಕೊಂಡವರೇ ಲಾಭ ಕಂಡವರು.

ಪಂಚಾಂಗ ಹೇಳದ ಮಾತೂ ಒಂದಿದೆ. ಹುಣ್ಣಿಮೆಗೆ ಕಡಲಿನ ಉಬ್ಬರ ಇಳಿತ ಎರಡೂ ಹೆಚ್ಚು. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ತೀರಿಕೊಂಡರು. ಜಾತ್ರೆಯ ದಿನ ಹುಡುಕುವಾಗ ನಾವು ತಿಥಿಯೊಂದನ್ನೇ ಕೇಳುತ್ತೇವೆ. ದೋಣಿ ಯಾವುದು, ಎಷ್ಟು ಜನ, ಗಾಳಿ ಹೇಗಿದೆ ಎಂದೂ ಕೇಳಬೇಕು. ಜಾತ್ರೆಗೆ ಹೋದವರು ಮನೆಗೆ ಮರಳಿದಾಗಲೇ ಜಾತ್ರೆ ಮುಗಿಯುವುದು.